ಚುಚ್ಚುಮದ್ದಿನ ತರುವಾಯದ ಲೆಕ್ಕ: ಹುಬ್ಬಳ್ಳಿಯ ೧೮೯೮ನೆಯ ಇಸವಿಯ ಪ್ಲೇಗನ್ನು ಕುರಿತ ವಿಚಾರ

೧

ಚಿತ್ರದುರ್ಗದ ಸೀಮೆಯಲ್ಲಿ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಚಿಕ್ಕಜಾಜೂರು ರೈಲುದಾರಿಯಿಂದ ಹೆಸರು ಪಡೆದ ಊರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ದಾರಿಯು ಹಾವೇರಿ ರಾಣೆಬೆನ್ನೂರುಗಳನ್ನು ದಾಟಿ, ಹರಿಹರದ ಬಳಿಯಲ್ಲಿ ತುಂಗಭದ್ರೆಯನ್ನು ಹಾಯ್ದು, ದಾವಣಗೆರೆಯ ಮೇಲೆ ಈ ಊರಿಗೆ ಬಂದು, ಮುಂದೆ ಬೀರೂರು, ಅರಸೀಕೆರೆ, ತುಮಕೂರುಗಳ ಕಡೆಗೆ ಸಾಗುತ್ತದೆ. ಚಿತ್ರದುರ್ಗಕ್ಕೆ ಹೋಗುವ ಕವಲುದಾರಿಯೂ ಇಲ್ಲಿಯೇ ಒಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಬ್ಬಳ್ಳಿ ಬೆಂಗಳೂರುಗಳ ನಡುವಣ ಈ ಮಾರ್ಗವು ಸದರನ್ ಮರಾಠಾ ರೈಲ್ವೆ ಕಂಪೆನಿಯ ಆಡಳಿತದಲ್ಲಿದ್ದಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡನಾಡನ್ನೂ ಮೈಸೂರು ಸಂಸ್ಥಾನದ ಕನ್ನಡನಾಡನ್ನೂ ಒಂದುಗೂಡಿಸಿದ ದಾರಿಗಳಲ್ಲಿ ಇದು ಮುಖ್ಯವಾದುದು. ಹತ್ತಿಯ ಅಂಡಿಗೆಗಳೂ ಕಾಳಿನ ಚೀಲಗಳೂ ಯಾತ್ರಿಕರೂ ಕೂಲಿಯವರೂ ಸಾಗಿದ ಇದೇ ದಾರಿಯಲ್ಲಿ ೧೮೯೮ನೆಯ ಇಸವಿಯಲ್ಲಿ ಪ್ಲೇಗೆಂಬ ಮಹಾಮಾರಿಯೂ ದಕ್ಷಿಣಕ್ಕೆ ಇಳಿಯಿತು.

ಪ್ಲೇಗಿನ ಚರಿತ್ರೆಯಲ್ಲಿ ಸಾವುಗಳ ವಿಷಯವೂ, ಸರಕಾರದ ಕಟ್ಟುನಿಟ್ಟುಗಳ ವಿಷಯವೂ, ಅವುಗಳಿಂದ ಹುಟ್ಟಿದ ಗಲಭೆಗಳ ವಿಷಯವೂ ಅನೇಕರಿಂದ ಬರೆಯಲ್ಪಟ್ಟಿವೆ. ೧೮೯೭ರ ಜೂನ್ ೨೨ರಂದು ಪುಣೆಯಲ್ಲಿ ಚಾಪೇಕರ್ ಸೋದರರು ಪ್ಲೇಗಿನ ಅಧಿಕಾರಿಯಾದ ರ‍್ಯಾಂಡನನ್ನು ಗುಂಡಿಕ್ಕಿ ಕೊಂದ ಸಂಗತಿಯು ಎಲ್ಲರಿಗೂ ತಿಳಿದುದೇ. ಅಷ್ಟಾಗಿ ವಿಚಾರಕ್ಕೆ ಬಾರದಿರುವ ವಿಷಯವು ಇನ್ನೊಂದಿದೆ. ಅದೇ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಒಂದು ಊರಿಗೆ ಊರೇ ಎನ್ನುವಂತೆ ಜನರು ಚುಚ್ಚುಮದ್ದನ್ನು ಹಾಕಿಸಿಕೊಂಡರು. ಹಾಗೆ ಹಾಕಿಸಿಕೊಂಡವರನ್ನು ತರುವಾಯ ನೋಡಿದವರು ಯಾರು? ಅವರಿಗೆ ಆದುದರಲ್ಲಿ ಯಾವುದು ಪುಸ್ತಕಕ್ಕೆ ಏರಿತು? ಯಾವುದು ಏರದೆ ಹೋಯಿತು? ಈ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶವು. ಆರೋಗ್ಯವಂತನಾದವನಿಗೆ ಮುಂದೆ ಬರಬಹುದಾದ ಬೇನೆಯನ್ನು ತಡೆಯುವುದಕ್ಕಾಗಿ ಈಗಲೇ ಒಂದು ಸಣ್ಣ ನೋವನ್ನು ಕೊಡುವುದು ಎಲ್ಲ ಚುಚ್ಚುಮದ್ದುಗಳ ಲಕ್ಷಣವಾಗಿದೆ. ಆದುದರಿಂದ ಕೊಟ್ಟ ನೋವಿನ ಲೆಕ್ಕವನ್ನು ಒಪ್ಪಿಸಬೇಕಾದ ಹೊಣೆಯು ಮದ್ದನ್ನು ಕೊಟ್ಟವನ ಮೇಲೆ ತಾನಾಗಿಯೇ ಬೀಳುತ್ತದೆ.

೨

ಪ್ಲೇಗಿಗೆ ಮೊದಲು ಈ ದೇಶದ ಜನಕ್ಕೆ ಹೆಚ್ಚಾಗಿ ಪರಿಚಯವಾಗಿದ್ದುದು ಸಿಡುಬಿನ ಲಸಿಕೆ. ಜೆನ್ನರ್ ಮಹಾಶಯನು ೧೭೯೬ರಲ್ಲಿ ಪರೀಕ್ಷಿಸಿ ೧೭೯೮ರಲ್ಲಿ ಪ್ರಕಟಪಡಿಸಿದ ಗೋಸಿಡುಬಿನ ವಿಧಾನವು ಬಸ್ರಾದ ಮಾರ್ಗವಾಗಿ ಮುಂಬಯಿಗೆ ಬಂದಿತು. ೧೮೦೨ರ ಜೂನ್ ೧೪ರಂದು ಅಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು ಫಲಿಸಿತು. ಅಲ್ಲಿಂದ ಮುಂದೆ ತೋಳಿನಿಂದ ತೋಳಿಗೆ ಸಾಗುತ್ತ ಅದು ದಕ್ಷಿಣದೇಶವನ್ನು ತಲಪಿತು. ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅದಕ್ಕೆ ಅರಮನೆಯ ಆಶ್ರಯವು ದೊರೆಯಿತು. ಥಾಮಸ್ ಹಿಕಿ ಎಂಬ ಚಿತ್ರಗಾರನು ೧೮೦೫ರಲ್ಲಿ ಬರೆದ ಮೂವರು ರಾಜಸ್ತ್ರೀಯರ ಚಿತ್ರಪಟವು ಲಸಿಕೆಯ ಪ್ರಚಾರಕ್ಕಾಗಿಯೇ ಬರೆಯಲ್ಪಟ್ಟುದೆಂದೂ, ಅದರಲ್ಲಿ ಒಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾದ ದೇವಾಜಮ್ಮಣ್ಣಿಯೆಂದೂ ಇತ್ತೀಚಿನ ಚರಿತ್ರಕಾರರು ವಾದಿಸಿದ್ದಾರೆ.

ಈ ಹಳೆಯ ಪದ್ಧತಿಯಲ್ಲಿ ಗಮನಿಸತಕ್ಕ ಒಂದು ಗುಣವಿದ್ದಿತು. ಲಸಿಕೆ ಹಾಕುವವನು ಎಂಟನೆಯ ದಿನದ ಹೊತ್ತಿಗೆ ಮತ್ತೆ ಅದೇ ಮನೆಗೆ ಬರಲೇಬೇಕಾಗಿದ್ದಿತು. ಗುಳ್ಳೆಯು ಸರಿಯಾಗಿ ಎದ್ದಿದೆಯೇ ಎಂದು ನೋಡುವುದಕ್ಕೂ, ಆ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿಗೆ ಹಾಕುವುದಕ್ಕೂ ಅದು ಅಗತ್ಯವಾಗಿದ್ದಿತು. ರಸವನ್ನು ತೆಗೆಯುವುದು ತಾಯಂದಿರಿಗೆ ಬಹು ಅಸಮಾಧಾನವನ್ನುಂಟುಮಾಡುತ್ತಿದ್ದಿತು. ಒಬ್ಬರ ಮೈಯ ಬೇರೆ ರೋಗವು ಮತ್ತೊಬ್ಬರಿಗೆ ಅಂಟುವ ಭಯವೂ ಇದ್ದಿತು. ಇಷ್ಟಾದರೂ ಹಾಕಿದವನು ಹಾಕಿಸಿಕೊಂಡವರನ್ನು ಪುನಃ ಕಾಣುತ್ತಿದ್ದನು. ಫಲವೋ ಕೇಡೋ, ಎರಡನ್ನೂ ಕಣ್ಣಾರೆ ನೋಡುತ್ತಿದ್ದನು. ಲಸಿಕೆಯ ತರುವಾಯದ ಪರಿಶೀಲನೆಯು ಇಲ್ಲಿ ಒಂದು ಪ್ರತ್ಯೇಕವಾದ ಕೆಲಸವಾಗಿರದೆ ಲಸಿಕೆಯ ಕೆಲಸದಲ್ಲಿಯೇ ಅಡಗಿದ್ದಿತು. ಸೀಸೆಯಲ್ಲಿ ತುಂಬಿ ದೂರದಿಂದ ಕಳುಹಿಸುವ ಮದ್ದು ಬಂದ ಮೇಲೆ ಈ ಎರಡನೆಯ ಭೇಟಿಯ ಅಗತ್ಯವು ತಪ್ಪಿತು. ಅದರೊಡನೆ ನೋಡುವ ಅಭ್ಯಾಸವೂ ತಪ್ಪುವ ಸಂಭವವುಂಟಾಯಿತು.

೩

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ವಿಯೇಗಾಸರು ಪ್ಲೇಗನ್ನು ಗುರುತಿಸಿದರು. ಕಾಲರಾ ರೋಗಕ್ಕೆ ಚುಚ್ಚುಮದ್ದನ್ನು ಕಂಡುಹಿಡಿದು ಆಗಲೇ ಹೆಸರು ಪಡೆದಿದ್ದ ವಾಲ್ಡೆಮಾರ್ ಹಾಫ್ಕಿನ್ ಎಂಬ ಪಂಡಿತನು ಅಕ್ಟೋಬರಿನಲ್ಲಿ ಮುಂಬಯಿಗೆ ಬಂದು, ಗ್ರ್ಯಾಂಟ್ ವೈದ್ಯಶಾಲೆಯ ಒಂದೆರಡು ಕೋಣೆಗಳಲ್ಲಿ ಕೆಲಸಕ್ಕೆ ತೊಡಗಿದನು. ಮಾಂಸದ ಸಾರಿನಲ್ಲಿ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅವುಗಳ ಅಡಿಯಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬೆಳಸಿ, ಕಾಯಿಸಿ ಕೊಂದು, ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸಿ ಸೀಸೆಗಳಲ್ಲಿ ತುಂಬಿದ್ದೇ ಅವನ ಮದ್ದು. ೧೮೯೭ರ ಜನವರಿ ೧೦ರಂದು ಅವನು ಅದರಲ್ಲಿ ಹತ್ತು ಘನ ಸೆಂಟಿಮೀಟರನ್ನು ಮೊದಲು ತನ್ನ ಮೈಗೆ ಚುಚ್ಚಿಸಿಕೊಂಡು, ಬಂದ ಜ್ವರವನ್ನೂ ನೋವನ್ನೂ ತಾನೇ ಗಮನಿಸಿ ಬರೆದಿಟ್ಟನು. ಮುಂದೆ ಸಾಮಾನ್ಯ ಜನರಿಗೆ ಕೊಟ್ಟ ಪ್ರಮಾಣವು ಇದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗಿದ್ದಿತು.

ಆ ತಿಂಗಳ ಕೊನೆಯಲ್ಲಿ ಬೈಕಲ್ಲಾ ಸೆರೆಮನೆಯಲ್ಲಿ ಪ್ಲೇಗು ತಲೆದೋರಿತು. ಅಲ್ಲಿಯ ಕೈದಿಗಳಲ್ಲಿ ಇಷ್ಟಪಟ್ಟವರಿಗೆ ಮಾತ್ರ ಮದ್ದನ್ನು ಹಾಕಲಾಯಿತು. ಸುಮಾರು ಅರ್ಧದಷ್ಟು ಮಂದಿ ಒಪ್ಪಿದರು. ಹಾಕಿಸಿಕೊಳ್ಳದವರಲ್ಲಿ ೧೨ ಮಂದಿಗೆ ಬೇನೆಯು ಬಂದು ೬ ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ, ಆ ದಿನವೇ ಗಡ್ಡೆ ಕಾಣಿಸಿಕೊಂಡವರನ್ನು ಬಿಟ್ಟರೆ, ೨ ಮಂದಿಗೆ ಮಾತ್ರ ಬೇನೆಯು ಬಂದಿತು, ಅವರಿಬ್ಬರೂ ಉಳಿದರು. ಸಂಖ್ಯೆಯು ಸಣ್ಣದಾದರೂ ಈ ಲೆಕ್ಕಕ್ಕೆ ಬೆಲೆಯುಂಟು. ಕೈದಿಗಳೆಲ್ಲರೂ ಒಂದೇ ಗೋಡೆಯೊಳಗೆ ಇದ್ದವರು, ಒಂದೇ ಅನ್ನವನ್ನು ಉಂಡವರು. ಅವರೆಲ್ಲರ ಹೆಸರುಗಳೂ ಒಂದೇ ಪಟ್ಟಿಯಲ್ಲಿದ್ದುವು. ಮದ್ದು ಹಾಕಿಸಿಕೊಂಡವರಂತೆ ಹಾಕಿಸಿಕೊಳ್ಳದವರೂ ಬೆಳಗು ಸಂಜೆ ಎಣಿಕೆಗೆ ಸಿಕ್ಕುತ್ತಿದ್ದರು. ಯಾರೂ ಊರು ಬಿಟ್ಟು ಹೋಗುವಂತಿರಲಿಲ್ಲ. ಯಾರ ಬೇನೆಯೂ ಮರೆಯಾಗುವಂತಿರಲಿಲ್ಲ.

೪

ಹುಬ್ಬಳ್ಳಿಯು ಆಗ ಸುಮಾರು ೫೦,೦೦೦ ಜನರಿದ್ದ ವ್ಯಾಪಾರದ ಪಟ್ಟಣ. ಹತ್ತಿಯ ಸಂತೆ, ನೂಲಿನ ಗಿರಣಿ, ರೈಲ್ವೆಯ ದೊಡ್ಡ ಕಾರ್ಖಾನೆ, ಈ ಮೂರರಿಂದಲೂ ಅಲ್ಲಿಗೆ ಜನರ ಬರುಹೋಗು ಹೆಚ್ಚಾಗಿದ್ದಿತು. ಪ್ಲೇಗು ಅಲ್ಲಿಗೆ ಬಂದಾಗ ಸರಕಾರದ ವೈದ್ಯಾಧಿಕಾರಿಯಾಗಿದ್ದ ಲ್ಯೂಮನ್ ಎಂಬವರು ೧೮೯೮ರ ಮೇ ತಿಂಗಳಿನಲ್ಲಿ ಚುಚ್ಚುಮದ್ದಿನ ಕೆಲಸವನ್ನು ಪ್ರಾರಂಭಿಸಿದರು. ಸೆಪ್ಟೆಂಬರಿನ ಕೊನೆಯ ಹೊತ್ತಿಗೆ ಊರಿನಲ್ಲಿ ಮದ್ದು ಹಾಕಿಸಿಕೊಂಡವರ ಸಂಖ್ಯೆಯು ೩೮,೦೦೦ವನ್ನು ಮೀರಿದ್ದಿತು. ಅವರಲ್ಲಿ ಬಹು ಮಂದಿ ಎರಡು ಸಾರಿ ಹಾಕಿಸಿಕೊಂಡವರು. ಧಾರವಾಡ ಗದಗುಗಳಲ್ಲಿಯೂ ಇದೇ ಕೆಲಸವು ನಡೆಯಿತು. ಆಲಿಸ್ ಕಾರ್ಥಾರ್ನ್ ಎಂಬ ಸ್ತ್ರೀವೈದ್ಯೆಯು ಆ ಸೀಮೆಯ ಚುಚ್ಚುಮದ್ದಿನ ಕೆಲಸದಲ್ಲಿ ಪ್ರಸಿದ್ಧಳಾದಳು. ಇಷ್ಟು ದೊಡ್ಡ ಊರೊಂದರಲ್ಲಿ ಇಷ್ಟು ಅಲ್ಪಕಾಲದಲ್ಲಿ ಜನರ ಬಹುಭಾಗಕ್ಕೆ ಚುಚ್ಚುಮದ್ದು ಹಾಕಿದ್ದು ಅಂದಿನ ಪ್ರಪಂಚದಲ್ಲಿ ಅಪರೂಪವಾದ ಸಂಗತಿ. ಹಾಫ್ಕಿನ್ ಪಂಡಿತನು ಮುಂದಿನ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ಮದ್ದಿನ ಗುಣವನ್ನು ಸಮರ್ಥಿಸುವಾಗ ಈ ಕನ್ನಡ ಪಟ್ಟಣದ ಅಂಕಿಗಳನ್ನು ಮುಂದಿಟ್ಟನು.

ಜನರು ಇಷ್ಟು ಸಂಖ್ಯೆಯಲ್ಲಿ ಒಪ್ಪಿದುದು ಕೇವಲ ಮದ್ದಿನ ಮೇಲಿನ ನಂಬಿಕೆಯಿಂದ ಎಂದು ಹೇಳಲಾಗದು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾನೂನಿನ ಮೇರೆಗೆ ಮನೆಗಳನ್ನು ಶೋಧಿಸುವುದು, ರೋಗಿಯ ಮನೆಯವರನ್ನು ಬೇರೆಯಿರಿಸುವುದು, ಪ್ರಯಾಣಿಕರನ್ನು ತಡೆಯುವುದು ಮುಂತಾದ ಕ್ರಮಗಳು ನಡೆಯುತ್ತಿದ್ದುವು. ಮದ್ದು ಹಾಕಿಸಿಕೊಂಡವನಿಗೆ ಒಂದು ಚೀಟಿಯು ದೊರೆಯುತ್ತಿದ್ದಿತು. ಆ ಚೀಟಿಯಿದ್ದವನಿಗೆ ಈ ಕ್ರಮಗಳಲ್ಲಿ ಕೆಲವು ಸಡಿಲವಾಗುತ್ತಿದ್ದುವು. ದಿನಗೂಲಿಯವನಿಗೆ ತಡೆಯಿಲ್ಲದೆ ತಿರುಗಾಡುವ ಹಕ್ಕು ಅನ್ನದ ಪ್ರಶ್ನೆಯೇ ಆಗಿದ್ದಿತು. ಹೀಗಿರುವಾಗ ಒಪ್ಪಿಗೆಯಲ್ಲಿ ನಂಬಿಕೆಯೆಷ್ಟು, ನಿರ್ಬಂಧದಿಂದ ತಪ್ಪಿಸಿಕೊಳ್ಳುವ ಇಚ್ಛೆಯೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ. ಒಪ್ಪಿಗೆಯು ಹೀಗೆ ಮಿಶ್ರವಾದಲ್ಲಿ ತರುವಾಯದ ಲೆಕ್ಕವನ್ನು ಶುದ್ಧವಾಗಿಡುವ ಕರ್ತವ್ಯವು ಇನ್ನೂ ಹೆಚ್ಚಾಗುತ್ತದೆ.

ಹುಬ್ಬಳ್ಳಿಯ ಲೆಕ್ಕಗಳಲ್ಲಿ ಅತ್ಯಂತ ಬೆಲೆಯುಳ್ಳುದು ಊರಿನ ಲೆಕ್ಕವಲ್ಲ, ಅಲ್ಲಿಯ ಸದರನ್ ಮರಾಠಾ ನೂಲುವ ಮತ್ತು ನೇಯುವ ಗಿರಣಿಯದು. ಆ ಗಿರಣಿಯಲ್ಲಿ ೧,೧೭೩ ಮಂದಿ ಕೆಲಸಗಾರರಿದ್ದರು. ಎರಡು ಸಾರಿ ಮದ್ದು ಹಾಕಿಸಿಕೊಂಡ ೧,೦೪೦ ಮಂದಿಯಲ್ಲಿ ೨೨ ಮಂದಿ ಸತ್ತರು. ಒಂದೇ ಸಾರಿ ಹಾಕಿಸಿಕೊಂಡ ೫೮ ಮಂದಿಯಲ್ಲಿ ೮ ಮಂದಿ ಸತ್ತರು. ಹಾಕಿಸಿಕೊಳ್ಳದ ೭೫ ಮಂದಿಯಲ್ಲಿ ೨೦ ಮಂದಿ ಸತ್ತರು. ಅಂದರೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ ಎರಡು, ಎರಡನೆಯದರಲ್ಲಿ ಸುಮಾರು ಹದಿನಾಲ್ಕು, ಮೂರನೆಯದರಲ್ಲಿ ಇಪ್ಪತ್ತೇಳರ ಸಮೀಪ. ಗಿರಣಿಯವರು ಕೂಲಿ ಕೊಡುವುದಕ್ಕಾಗಿ ಹಾಜರಿಯ ಪಟ್ಟಿಯನ್ನು ಇಟ್ಟಿದ್ದರು. ವೈದ್ಯಶಾಸ್ತ್ರದ ಉದ್ದೇಶದಿಂದ ಬರೆಯದ ಆ ಪಟ್ಟಿಯು ವೈದ್ಯಶಾಸ್ತ್ರಕ್ಕೆ ಬಹು ದೊಡ್ಡ ಉಪಕಾರವನ್ನು ಮಾಡಿತು. ಸೆರೆಮನೆಯಲ್ಲಿದ್ದಂತೆಯೇ ಇಲ್ಲಿಯೂ ಹಾಕಿಸಿಕೊಂಡವನ ಹೆಸರೂ ಹಾಕಿಸಿಕೊಳ್ಳದವನ ಹೆಸರೂ ಒಂದೇ ಪುಸ್ತಕದಲ್ಲಿ ಇದ್ದುವು.

೫

ಈ ಅಂಕಿಗಳನ್ನು ಮೊದಲು ನೋಡಿದವನಿಗೆ ಮದ್ದಿನ ಗುಣವು ಸ್ವಯಂಸಿದ್ಧವೆಂದು ತೋರುವುದು ಸಹಜ. ಆದರೆ ಒಂದೇ ಸಾರಿ ಹಾಕಿಸಿಕೊಂಡ ೫೮ ಮಂದಿಯ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎರಡನೆಯ ಸಾರಿ ಹಾಕಿಸಿಕೊಳ್ಳಬೇಕಾದರೆ ಮನುಷ್ಯನು ಮೊದಲನೆಯ ಸಾರಿಯ ತರುವಾಯ ಬದುಕಿರಬೇಕಷ್ಟೆ. ಮೊದಲನೆಯ ಮದ್ದಿಗೂ ಎರಡನೆಯ ಮದ್ದಿಗೂ ನಡುವಿನ ದಿನಗಳಲ್ಲಿ ಸತ್ತವನು ‘ಒಂದೇ ಸಾರಿ’ ಎಂಬ ಗುಂಪಿನಲ್ಲಿಯೇ ಉಳಿಯುತ್ತಾನೆ. ಬದುಕಿದವನು ‘ಎರಡು ಸಾರಿ’ ಎಂಬ ಗುಂಪಿಗೆ ಏರುತ್ತಾನೆ. ಆದುದರಿಂದ ಆ ಎರಡು ಗುಂಪುಗಳ ವ್ಯತ್ಯಾಸವೆಲ್ಲವನ್ನೂ ಎರಡನೆಯ ಮದ್ದಿನ ಗುಣವೆಂದು ಎಣಿಸುವುದು ಯುಕ್ತವಲ್ಲ. ಇದೇ ರೀತಿಯಾಗಿ, ಮದ್ದಿನ ಕೆಲಸವು ಪ್ರಾರಂಭವಾಗುವುದಕ್ಕೆ ಮುಂಚೆ ಊರಿನವರೆಲ್ಲರೂ ‘ಹಾಕಿಸಿಕೊಳ್ಳದವರು’ ಆಗಿದ್ದವರೇ. ಅಂದಿನ ಸಾವುಗಳನ್ನು ಕೊನೆಯಲ್ಲಿ ಉಳಿದ ಸ್ವಲ್ಪ ಜನರ ಲೆಕ್ಕಕ್ಕೆ ಸೇರಿಸಿದರೆ ಅವರ ಮರಣದ ಪ್ರಮಾಣವು ನಿಜಕ್ಕಿಂತ ಬಹಳ ಹೆಚ್ಚಾಗಿ ಕಾಣುವುದು.

ಊರಿನ ಒಟ್ಟು ಲೆಕ್ಕದಲ್ಲಿ ಇನ್ನೂ ದೊಡ್ಡ ತೊಡಕಿದ್ದಿತು. ಹಾಕಿಸಿಕೊಂಡವರ ಹೆಸರುಗಳು ಪುಸ್ತಕದಲ್ಲಿ ಇದ್ದುವು. ಹಾಕಿಸಿಕೊಳ್ಳದವರ ಪಟ್ಟಿಯೆಂಬುದು ಇರಲಿಲ್ಲ. ಊರಿನ ಜನಸಂಖ್ಯೆಯಿಂದ ಹಾಕಿಸಿಕೊಂಡವರನ್ನು ಕಳೆದು, ಉಳಿದವರೇ ಹಾಕಿಸಿಕೊಳ್ಳದವರೆಂದು ಭಾವಿಸಬೇಕಾಗಿದ್ದಿತು. ಆದರೆ ಪ್ಲೇಗಿನ ಕಾಲದಲ್ಲಿ ಊರಿನ ಜನಸಂಖ್ಯೆಯು ನಿಲ್ಲುವುದುಂಟೆ? ಕೆಲವರು ನೆಂಟರ ಊರಿಗೆ ಹೋದರು, ಕೆಲವರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ಕೆಲವರು ರಾತ್ರಿ ಊರೊಳಗೆ ಮರಳಿದರು. ಹಾಕಿಸಿಕೊಳ್ಳದವರ ಸಂಖ್ಯೆಯು ವಾರದಿಂದ ವಾರಕ್ಕೆ ಕರಗುತ್ತ ಬಂದಂತೆ ಎಣಿಕೆಯ ಸಣ್ಣ ತಪ್ಪೂ ಅವರ ಮರಣದ ಪ್ರಮಾಣವನ್ನು ಬಹಳವಾಗಿ ಏರಿಸುವ ಶಕ್ತಿಯನ್ನು ಪಡೆಯಿತು.

ಟಿ. ಆರ್. ಫ್ರೇಸರ್ ಎಂಬವರ ಅಧ್ಯಕ್ಷತೆಯಲ್ಲಿ ೧೮೯೮ರ ಕೊನೆಯಲ್ಲಿ ನೇಮಕವಾಗಿ ಕೆಲಸಕ್ಕೆ ತೊಡಗಿದ ಇಂಡಿಯನ್ ಪ್ಲೇಗ್ ಕಮಿಷನ್ನು ಹುಬ್ಬಳ್ಳಿ ಧಾರವಾಡಗಳ ಲೆಕ್ಕಗಳನ್ನು ಪರೀಕ್ಷಿಸಿ ಇಂತಹ ದೋಷಗಳನ್ನು ಎತ್ತಿ ತೋರಿಸಿತು. ಆದಾಗ್ಯೂ ಅದು ಮದ್ದನ್ನು ತಳ್ಳಿಹಾಕಲಿಲ್ಲ. ಚುಚ್ಚುಮದ್ದಿನಿಂದ ರೋಗವೂ ಮರಣವೂ ಗಣನೀಯವಾಗಿ ತಗ್ಗುವುವು, ಆದರೆ ರಕ್ಷಣೆಯು ಪೂರ್ಣವಲ್ಲ, ಅದು ಚುಚ್ಚಿದೊಡನೆಯೇ ಬರತಕ್ಕುದೂ ಅಲ್ಲ ಎಂಬುದೇ ಅದರ ತೀರ್ಮಾನದ ಸಾರ. ಅಂಕಿಗಳ ದೋಷವನ್ನು ಒಪ್ಪಿಕೊಂಡ ಮೇಲೂ ಉಳಿದ ಈ ಗುಣವು ದೋಷಗಳನ್ನು ಮರೆಸಿ ಸಾರಿದ ದೊಡ್ಡ ಗುಣಕ್ಕಿಂತ ಗಟ್ಟಿಯಾದುದು. ಮುಂದೆ ೧೯೧೫ರಲ್ಲಿ ಇಂಗ್ಲೆಂಡಿನ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಗಣಿತಜ್ಞರು ಚುಚ್ಚುಮದ್ದಿನ ಅಂಕಿಗಳನ್ನು ಹೋಲಿಸುವುದಕ್ಕೆ ಬೇಕಾದ ನಿಯಮಗಳನ್ನು ಕ್ರಮವಾಗಿ ಬರೆದರು. ಎರಡು ಗುಂಪಿನವರೂ ಮುಖ್ಯ ವಿಷಯಗಳಲ್ಲಿ ಸಮಾನರಾಗಿರಬೇಕು, ರೋಗದ ಸೋಂಕು ಇಬ್ಬರಿಗೂ ಸಮಾನವಾಗಿ ತಗಲುವಂತಿರಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದುವು. ಹುಬ್ಬಳ್ಳಿಯ ಲೆಕ್ಕವನ್ನು ಈ ನಿಯಮಗಳಿಂದ ಅಳೆದರೆ ಗಿರಣಿಯ ಪಟ್ಟಿಗೂ ಊರಿನ ಪಟ್ಟಿಗೂ ಇರುವ ಅಂತರವು ಸ್ಪಷ್ಟವಾಗುತ್ತದೆ.

೬

ಇಷ್ಟು ಹೊತ್ತೂ ಹೇಳಿದುದು ಸಾವಿನ ಲೆಕ್ಕ. ಹಾಗಾದರೆ ಚುಚ್ಚಿಸಿಕೊಂಡವರಿಗೆ ಮದ್ದಿನಿಂದಲೇ ಬಂದ ಬಾಧೆಯ ಲೆಕ್ಕವೆಲ್ಲಿ? ಹಾಫ್ಕಿನ್ನನ ಮದ್ದು ಮೃದುವಾದುದಾಗಿರಲಿಲ್ಲ. ಕೆಲವು ಗಂಟೆಗಳಲ್ಲಿ ಜ್ವರವು ಏರುತ್ತಿದ್ದಿತು. ತೋಳು ಊದಿ ಕೆಂಪಾಗಿ ಎತ್ತಲಾರದಂತೆ ನೋಯುತ್ತಿದ್ದಿತು. ತಲೆನೋವು, ಮೈಕೈ ಸೋಲು ಇವುಗಳು ಒಂದೆರಡು ದಿನ, ಕೆಲವರಿಗೆ ಮೂರು ದಿನ ಇರುತ್ತಿದ್ದುವು. ನೇಗಿಲು ಹಿಡಿಯುವವನಿಗೂ ಮಗ್ಗದ ಮುಂದೆ ಕೂಡುವವನಿಗೂ ಇದು ಎರಡು ಮೂರು ದಿನದ ಕೂಲಿಯ ನಷ್ಟ. ಹುಬ್ಬಳ್ಳಿಯಲ್ಲಿ ೩೮,೦೦೦ಕ್ಕೆ ಮೀರಿದ ಜನರಲ್ಲಿ ಹೀಗೆ ಕೆಲಸಕ್ಕೆ ಹೋಗದೆ ಕಳೆದ ದಿನಗಳೆಷ್ಟು ಎಂಬುದನ್ನು ಹಾಫ್ಕಿನ್ನನು ಲಂಡನ್ನಿನಲ್ಲಿ ಮುಂದಿಟ್ಟ ಅಂಕಿಗಳು ಹೇಳುವುದಿಲ್ಲ; ಅವು ಸಾವು ಬದುಕುಗಳ ಅಂಕಿಗಳು.

ಇದಕ್ಕೆ ಕಾರಣವು ಕೇವಲ ಅನಾದರವಲ್ಲ. ಅಂದಿನ ಶಾಸ್ತ್ರದ ಒಂದು ಭಾವನೆಯೂ ಆಗಿದ್ದಿತು. ಮದ್ದಿನ ಶಕ್ತಿಯನ್ನು ಅಳೆಯಲು ಆಗ ಬೇರೆ ಒಳ್ಳೆಯ ಸಾಧನವಿರಲಿಲ್ಲ. ಚುಚ್ಚಿಸಿಕೊಂಡವನ ಮೈ ಸುಮಾರು ೧೦೨ ಡಿಗ್ರಿಯವರೆಗೆ ಕಾದರೆ ಪ್ರಮಾಣವು ಸರಿಯೆಂದೂ, ಕಾಯದಿದ್ದರೆ ಮದ್ದು ಸಪ್ಪೆಯೆಂದೂ ಭಾವಿಸಿ, ಜ್ವರವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದ್ದಿತು. ಇಂದು ಮದ್ದಿನ ‘ಅಡ್ಡ ಪರಿಣಾಮ’ವೆಂದು ಬರೆಯಲ್ಪಡುವುದು ಅಂದು ಮದ್ದಿನ ‘ಗುಣ’ವೆಂದು ಬರೆಯಲ್ಪಡುತ್ತಿದ್ದಿತು. ಗುಣವೆಂದು ತಿಳಿದುದನ್ನು ದೂರಾಗಿ ದಾಖಲೆ ಮಾಡುವವರು ಯಾರು? ರೋಗಿಯು ‘ಜ್ವರ ಬಂದಿತು’ ಎಂದು ಹೇಳಿದರೆ ವೈದ್ಯನು ‘ಒಳ್ಳೆಯದಾಯಿತು’ ಎಂದು ಉತ್ತರ ಕೊಡುವ ಸನ್ನಿವೇಶದಲ್ಲಿ ಇಬ್ಬರ ಮಾತೂ ಒಂದಕ್ಕೊಂದು ಮುಟ್ಟುವಂತಿರಲಿಲ್ಲ.

ದಾಖಲೆಯು ಬಿಟ್ಟ ಜಾಗವನ್ನು ಗಾಳಿಮಾತು ತುಂಬಿತು. ಸೂಜಿಯು ಮೊಳದುದ್ದವಿರುವುದೆಂದೂ, ಚುಚ್ಚಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲವೆಂದೂ, ಮದ್ದಿನಿಂದಲೇ ಪ್ಲೇಗು ಬರುವುದೆಂದೂ ಹಿಂದೂಸ್ಥಾನದ ನಾನಾ ಭಾಗಗಳಲ್ಲಿ ಮಾತುಗಳು ಹರಡಿದುವು. ಇವುಗಳಲ್ಲಿ ಕೊನೆಯದಕ್ಕೆ ಒಂದು ಎಳೆಯಷ್ಟು ಆಧಾರವಿದ್ದಂತೆ ಜನರಿಗೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಮೈಯೊಳಗೆ ಆಗಲೇ ಬೇನೆಯು ಹೊಕ್ಕಿದ್ದವನು ಮದ್ದು ಹಾಕಿಸಿಕೊಂಡ ಮಾರನೆಯ ದಿನವೋ ಮೂರನೆಯ ದಿನವೋ ಗಡ್ಡೆಯೆದ್ದು ಸತ್ತರೆ, ನೆರೆಯವರ ಕಣ್ಣಿಗೆ ಕಾಣುವುದು ಸೂಜಿಯೊಂದೇ. ಕಮಿಷನ್ನಿನ ಸದಸ್ಯರಲ್ಲಿ ಒಬ್ಬನಾದ ಆಲ್ಮ್‌ರಾತ್ ರೈಟ್ ಎಂಬ ಪಂಡಿತನೂ ಚುಚ್ಚುಮದ್ದಿನ ತರುವಾಯ ಕೆಲವು ದಿನ ಮೈಯ ತಡೆಶಕ್ತಿಯು ಕುಗ್ಗಬಹುದೆಂಬ ವಾದವನ್ನು ಮುಂದೆ ಬೆಳಸಿದನು. ಈ ಸಂದೇಹವನ್ನು ತೀರಿಸುವುದಕ್ಕೆ ಇದ್ದ ಮಾರ್ಗವು ಒಂದೇ: ಚುಚ್ಚಿಸಿಕೊಂಡ ದಿನದಿಂದ ಬೇನೆ ಬಿದ್ದ ದಿನದವರೆಗಿನ ಅಂತರವನ್ನು ಪ್ರತಿಯೊಬ್ಬನ ವಿಷಯದಲ್ಲಿಯೂ ಬರೆದಿಡುವುದು. ಅಂದರೆ ಎಂಟನೆಯ ದಿನ ಮತ್ತೆ ಮನೆಗೆ ಬರುತ್ತಿದ್ದ ಹಳೆಯ ಸಿಡುಬಿನ ಲಸಿಕೆಯವನ ಅಭ್ಯಾಸವನ್ನೇ ಹೊಸ ರೀತಿಯಲ್ಲಿ ಮರಳಿ ತರುವುದು.

೭

ಹುಬ್ಬಳ್ಳಿಯಲ್ಲಿ ಮದ್ದಿನ ಕೆಲಸವು ಭರದಿಂದ ಸಾಗಿದ್ದಾಗಲೇ ರೋಗವು ದಕ್ಷಿಣದ ರೈಲುದಾರಿಯನ್ನು ಹಿಡಿದಿದ್ದಿತು. ಸೋಂಕು ತಗಲಿದ ಮೇಲೆ ಗಡ್ಡೆ ಕಾಣಿಸುವುದಕ್ಕೆ ಕೆಲವು ದಿನಗಳು ಬೇಕು. ರೈಲಿಗೆ ಅಷ್ಟು ಕಾಲ ಬೇಕಿಲ್ಲ. ನಿಲ್ದಾಣದಲ್ಲಿ ಪ್ರಯಾಣಿಕನ ಕಂಕುಳನ್ನೂ ಕೈನಾಡಿಯನ್ನೂ ಪರೀಕ್ಷಿಸುವ ವೈದ್ಯನಿಗೆ ಸಿಕ್ಕದ ರೋಗಿಯು ಹರಿಹರ, ದಾವಣಗೆರೆ, ಚಿಕ್ಕಜಾಜೂರುಗಳನ್ನು ದಾಟಿ ಸ್ವಸ್ಥನಂತೆಯೇ ಮುಂದಕ್ಕೆ ಹೋಗಬಹುದಾಗಿದ್ದಿತು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದು ಹುಬ್ಬಳ್ಳಿಯ ಕಡೆಯಿಂದ ರೈಲ್ವೆಯ ಮೂಲಕ ಬಂದುದೆಂಬುದು ಅಂದಿನವರ ಅಭಿಪ್ರಾಯವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಮೈಸೂರಿನ ಸೇವೆಯಲ್ಲಿದ್ದ ಡಾಕ್ಟರ್ ಪಲ್ಪು ಅವರು ಬೆಂಗಳೂರಿನ ಪ್ಲೇಗಿನ ಕೆಲಸದಲ್ಲಿ ದುಡಿದರು. ಆ ವರ್ಷದ ಕೊನೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ನಿಯಮಗಳ ವಿರುದ್ಧವಾಗಿ ಗಲಭೆಯೂ ಆಯಿತು.

ಮುಂದಿನ ದಶಕಗಳಲ್ಲಿ ಮೈಸೂರು ಸೀಮೆಯ ಹಳ್ಳಿಗಳು ಪ್ಲೇಗಿಗೆ ಒಗ್ಗಿಕೊಂಡ ಬಗೆಯು ಕನ್ನಡ ಸಾಹಿತ್ಯದಲ್ಲಿ ಉಳಿದಿದೆ. ಇಲಿ ಬಿದ್ದೊಡನೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಕಟ್ಟುವುದು, ಪ್ಲೇಗಮ್ಮನಿಗೆ ಗುಡಿ ಕಟ್ಟಿ ಪೂಜಿಸುವುದು ಇವೆಲ್ಲವೂ ಗ್ರಾಮಜೀವನದ ಅಂಗವಾದುವು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (೧೯೬೫) ಮಲೆನಾಡಿನ ಅಗ್ರಹಾರಕ್ಕೆ ಪ್ಲೇಗು ಬರುತ್ತದೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ (೧೯೭೦) ಅದು ಒಂದು ಮನೆಯ ಮಕ್ಕಳನ್ನೇ ಕಸಿಯುತ್ತದೆ. ಸರಕಾರದ ಪುಸ್ತಕದಲ್ಲಿ ಒಂದು ಅಂಕಿಯಾಗಿ ನಿಂತ ಸಾವಿಗೆ ಮನೆಯ ಒಳಗಿನ ರೂಪವೇನೆಂಬುದನ್ನು ಇಂತಹ ಕೃತಿಗಳಿಂದ ತಿಳಿಯಬಹುದು.

೮

ತರುವಾಯದ ಲೆಕ್ಕ ಏಕೆ ಬೇಕು ಎಂಬುದಕ್ಕೆ ಅತ್ಯಂತ ದಾರುಣವಾದ ಉತ್ತರವು ಹುಬ್ಬಳ್ಳಿಯ ನಾಲ್ಕು ವರ್ಷಗಳ ಮೇಲೆ ಪಂಜಾಬಿನಿಂದ ಬಂದಿತು. ೧೯೦೨ರ ಅಕ್ಟೋಬರ್ ೩೦ರಂದು ಮುಲ್ಕೋವಾಲ್ ಎಂಬ ಗ್ರಾಮದಲ್ಲಿ ೧೦೭ ಮಂದಿಗೆ ಐದು ಸೀಸೆಗಳಿಂದ ಮದ್ದನ್ನು ಹಾಕಲಾಯಿತು. ಸುಮಾರು ಒಂದು ವಾರದ ಮೇಲೆ ಅವರಲ್ಲಿ ೧೯ ಮಂದಿಗೆ ಧನುರ್ವಾಯು ತಗಲಿತು; ೧೯ ಮಂದಿಯೂ ಸತ್ತರು. ಅವರೆಲ್ಲರೂ ‘೫೩ ಎನ್’ ಎಂಬ ಗುರುತಿನ ಒಂದೇ ಸೀಸೆಯಿಂದ ಮದ್ದು ಪಡೆದವರು. ಉಳಿದ ನಾಲ್ಕು ಸೀಸೆಗಳಿಂದ ಪಡೆದವರಲ್ಲಿ ಒಬ್ಬರಿಗೂ ಈ ಬೇನೆಯು ಬರಲಿಲ್ಲ. ಸೀಸೆಯ ಮೇಲೆ ಅಂಕಿಯಿಲ್ಲದಿದ್ದರೆ, ಯಾರಿಗೆ ಯಾವ ಸೀಸೆಯಿಂದ ಹಾಕಿತೆಂಬುದು ತಿಳಿಯದಿದ್ದರೆ, ದೋಷವು ಮದ್ದಿನ ಮೇಲೆಯೇ ಬೀಳುತ್ತಿದ್ದಿತು. ಅಂಕಿಯಿದ್ದುದರಿಂದ ಅದು ಒಂದು ಸೀಸೆಯ ಮೇಲೆ ನಿಂತಿತು.

ಆದರೆ ಆ ಸೀಸೆಯು ಕೆಟ್ಟದ್ದು ಎಲ್ಲಿ ಎಂಬ ಪ್ರಶ್ನೆಯು ಐದು ವರ್ಷ ಎಳೆಯಿತು. ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ಅದು ಕೆಟ್ಟಿತೆಂದು ವಿಚಾರಣೆಯವರು ತೀರ್ಮಾನಿಸಿದರು. ಹೊಸ ವಿಧಾನದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದು ತಪ್ಪೆಂದು ಆರೋಪಿಸಲಾಯಿತು. ಹಾಫ್ಕಿನ್ನನು ತನ್ನ ಹುದ್ದೆಯನ್ನು ಕಳೆದುಕೊಂಡನು. ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನೊಬ್ಬನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತೆಂದೂ, ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಯಿತೆಂದೂ ಸಾಕ್ಷ್ಯವಿದ್ದಿತು. ಸೀಸೆಯನ್ನು ತೆರೆದಾಗ ಕೆಟ್ಟ ವಾಸನೆಯಿರಲಿಲ್ಲವೆಂಬುದೂ ಮದ್ದು ಮೊದಲೇ ಕೆಟ್ಟಿರಲಿಲ್ಲವೆಂಬುದಕ್ಕೆ ಗುರುತಾಗಿದ್ದಿತು. ೧೯೦೭ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು ಬಹಿರಂಗವಾಗಿ ಅವನ ಪಕ್ಷವನ್ನು ವಹಿಸಿದ ಮೇಲೆ ಅವನ ಮೇಲಿನ ಕಳಂಕವು ತೊಲಗಿತು. ಅವನು ದುಡಿದ ಮುಂಬಯಿಯ ಪ್ರಯೋಗಶಾಲೆಗೆ ೧೯೨೫ರಲ್ಲಿ ಅವನ ಹೆಸರನ್ನೇ ಇಡಲಾಯಿತು. ಹತ್ತೊಂಬತ್ತು ಮನೆಗಳಿಗೆ ಆದ ನಷ್ಟವನ್ನು ಯಾವ ತೀರ್ಪೂ ತುಂಬುವಂತಿರಲಿಲ್ಲ. ಆದರೆ ಲೆಕ್ಕದ ಅಭಾವವು ಪೀಡಿತನಿಗೂ ಅನ್ಯಾಯ, ಮದ್ದಿಗೂ ಅನ್ಯಾಯ, ಮದ್ದು ಮಾಡಿದವನಿಗೂ ಅನ್ಯಾಯವೆಂಬುದು ಈ ಪ್ರಸಂಗದಿಂದ ಸಿದ್ಧವಾಯಿತು.

೯

ಹುಬ್ಬಳ್ಳಿಯ ಗಿರಣಿಗೂ ಇಂದಿನ ವಿಶ್ವವಿದ್ಯಾನಿಲಯಕ್ಕೂ ಏನು ಸಂಬಂಧವೆಂದು ತೋರಬಹುದು. ಸಂಬಂಧವು ಹಾಜರಿಯ ಪಟ್ಟಿಯಲ್ಲಿದೆ. ಒಟ್ಟಿಗೆ ಉಂಡು ಒಟ್ಟಿಗೆ ಮಲಗುವ ವಿದ್ಯಾರ್ಥಿಗಳಲ್ಲಿ ಮೆನಿಂಗೊಕಾಕಸ್ ಎಂಬ ಕ್ರಿಮಿಯಿಂದ ಬರುವ ಮಿದುಳುಪೊರೆಯ ಬೇನೆಯು ಬೇಗ ಹರಡುವುದುಂಟು. ಆರೋಗ್ಯವಂತನಾದ ತರುಣನನ್ನು ಒಂದೆರಡು ದಿನಗಳಲ್ಲಿಯೇ ಕೊಲ್ಲಬಲ್ಲ ರೋಗವದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ೨೦೧೩ರಲ್ಲಿ ಈ ಬೇನೆಯು ಒಬ್ಬರ ಮೇಲೊಬ್ಬರಿಗೆ ಕಾಣಿಸಿಕೊಂಡಾಗ, ಆ ದೇಶದಲ್ಲಿ ಇನ್ನೂ ಅನುಮತಿ ಪಡೆಯದಿದ್ದ, ಯೂರೋಪಿನಲ್ಲಿ ಅನುಮತಿ ಪಡೆದಿದ್ದ ಒಂದು ಲಸಿಕೆಯನ್ನು ವಿಶೇಷ ಅಪ್ಪಣೆಯಿಂದ ತರಿಸಲಾಯಿತು. ಡಿಸೆಂಬರಿನಲ್ಲಿ ೫,೦೦೦ಕ್ಕೆ ಹೆಚ್ಚು ಮಂದಿ ಮೊದಲನೆಯ ಸೂಜಿಯನ್ನು ಹಾಕಿಸಿಕೊಂಡರು. ತರುವಾಯ ಆದ ತೊಂದರೆಗಳನ್ನು ಕೇಳಿ ಬರೆದು, ಗಂಭೀರವಾದವುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಆ ಅಪ್ಪಣೆಗೆ ಹೊಂದಿದ ಕರ್ತವ್ಯವಾಗಿದ್ದಿತು. ಮರುವರ್ಷ ಕೆನಡಾದ ಕ್ವಿಬೆಕ್ ಪ್ರಾಂತದ ಸಾಗೆನೆ ಸೀಮೆಯಲ್ಲಿ ಇದೇ ಲಸಿಕೆಯನ್ನು ಮಕ್ಕಳಿಗೂ ತರುಣರಿಗೂ ಹಾಕಿದಾಗ, ಜ್ವರವು ಬಂದಿತೇ ಎಂಬುದರೊಡನೆ, ಶಾಲೆಗೋ ಕೆಲಸಕ್ಕೋ ಹೋಗಲಾಗದೆ ಉಳಿದರೇ ಎಂಬುದನ್ನೂ ಕೇಳಿ ಬರೆದುಕೊಳ್ಳಲಾಯಿತು. ಹುಬ್ಬಳ್ಳಿಯ ಅಂಕಿಗಳು ಬಿಟ್ಟಿದ್ದ ಕಂಬವು ಹೀಗೆ ನೂರ ಹದಿನಾರು ವರ್ಷಗಳ ಮೇಲೆ ತುಂಬಿತು.

ಪರದೇಶದ ವಿದ್ಯಾಲಯಗಳಿಗೆ ಓದಲು ಹೋಗುವ ಕರ್ಣಾಟಕದ ವಿದ್ಯಾರ್ಥಿಗಳಲ್ಲಿ ಅನೇಕರೂ, ಹಜ್ ಯಾತ್ರಿಕರೂ ಇಂದು ಈ ರೋಗಕ್ಕೆ ಲಸಿಕೆ ಹಾಕಿಸಿಕೊಂಡೇ ಹೊರಡುತ್ತಾರೆ. ಭಾರತದಲ್ಲಿ ಲಸಿಕೆಯ ತರುವಾಯದ ತೊಂದರೆಗಳನ್ನು ಜಿಲ್ಲೆಯಿಂದ ರಾಜ್ಯಕ್ಕೂ ರಾಜ್ಯದಿಂದ ಕೇಂದ್ರಕ್ಕೂ ವರದಿ ಮಾಡುವ ವ್ಯವಸ್ಥೆಯು ಇದೆ. ಔಷಧಗಳ ಅಡ್ಡ ಪರಿಣಾಮಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮವು ೨೦೧೦ರಲ್ಲಿ ಪ್ರಾರಂಭವಾಯಿತು. ೨೦೨೧ರ ಜನವರಿ ೧೬ರಿಂದ ಕೋವಿಡ್ ಲಸಿಕೆಯನ್ನು ಹಾಕಿದಾಗ ಪ್ರತಿಯೊಬ್ಬನನ್ನೂ ಅರ್ಧ ಗಂಟೆ ಕೂಡಿಸಿ ನೋಡಿದುದೂ, ಹೆಸರು ದಿನಾಂಕಗಳೊಡನೆ ಪ್ರಮಾಣಪತ್ರವನ್ನು ಕೊಟ್ಟುದೂ ಎಲ್ಲರ ನೆನಪಿನಲ್ಲಿವೆ. ಹುಬ್ಬಳ್ಳಿಯ ಚೀಟಿಯ ವಂಶದ್ದೇ ಈ ಪ್ರಮಾಣಪತ್ರ. ಅರ್ಧ ಗಂಟೆಯ ಮೇಲೆ ಮನೆಗೆ ಹೋದವನನ್ನು ಎಂಟನೆಯ ದಿನ ಯಾರು ನೋಡಿದರೆಂಬ ಪ್ರಶ್ನೆಯೂ ಹುಬ್ಬಳ್ಳಿಯದೇ.

೧೦

ಮೇಲಿನ ವಿಚಾರದಿಂದ ಮೂರು ಸಂಗತಿಗಳು ಸ್ಥಿರಪಡುತ್ತವೆ. ಮೊದಲನೆಯದು, ಹುಬ್ಬಳ್ಳಿಯ ಚುಚ್ಚುಮದ್ದಿನಿಂದ ಪ್ರಯೋಜನವಾದುದು ನಿಜ. ಅದನ್ನು ನಂಬಲರ್ಹವಾಗಿ ತೋರಿಸಿದುದು ಊರಿನ ದೊಡ್ಡ ಅಂಕಿಯಲ್ಲ, ಎಲ್ಲರ ಹೆಸರಿದ್ದ ಗಿರಣಿಯ ಸಣ್ಣ ಪಟ್ಟಿ. ಎರಡನೆಯದು, ಸಾವನ್ನು ಎಣಿಸಿದವರು ಜ್ವರವನ್ನು ಮದ್ದಿನ ಗುಣವೆಂದು ತಿಳಿದುದರಿಂದ ಜನರ ಅನುಭವವು ಪುಸ್ತಕದ ಹೊರಗೆ ಉಳಿದು ಗಾಳಿಮಾತಿನ ಪಾಲಾಯಿತು. ಮೂರನೆಯದು, ಮುಲ್ಕೋವಾಲಿನಲ್ಲಿ ಒಂದು ಸೀಸೆಯ ಅಂಕಿಯು ಇಡೀ ಮದ್ದನ್ನು ಅಪವಾದದಿಂದ ಉಳಿಸಿತು.

ಚಿಕ್ಕಜಾಜೂರಿನ ಮೇಲೆ ಹಾದುಹೋದ ರೈಲುಗಳಲ್ಲಿ ರೋಗವು ಸಾಗಿದಂತೆಯೇ ಹುಬ್ಬಳ್ಳಿಯ ಚೀಟಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡ ಪ್ರಯಾಣಿಕರೂ ಸಾಗಿರಬೇಕು. ಅವರಲ್ಲಿ ಎಷ್ಟೋ ಮಂದಿ ಆ ಚೀಟಿಯನ್ನು ಪಡೆದುದು ನಿರ್ಬಂಧಕ್ಕೆ ಅಂಜಿ. ಎಷ್ಟೋ ಮಂದಿಯ ತೋಳು ಇನ್ನೂ ನೋಯುತ್ತಿದ್ದಿರಬೇಕು. ಅವರ ನೋವು ಅಲ್ಪವಾದುದೆಂದೂ, ಅದರಿಂದ ಉಳಿದ ಪ್ರಾಣಗಳು ಅನೇಕವೆಂದೂ ಹೇಳುವುದು ಸರಿಯೇ. ಆದರೆ ಅಲ್ಪವೆಂದು ಹೇಳುವ ಅಧಿಕಾರವು ಅದನ್ನು ಎಣಿಸಿದವನಿಗೆ ಮಾತ್ರ ಉಂಟು.